ಅರ್ಧ ಟಿಕೆಟ್ ಕುಲಾವಿ

ಡಿಸೆಂಬರ್ 8, ಭಾನುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಡಿದು ಬಂದವರ ಹಾಗೆ ಒಂದರ ಹೆಗಲ ಮೇಲೊಂದು ಬಿದ್ದಿವೆ. ಯಾರೂ ಓದಬೇಕಾಗಿಲ್ಲ, ನಡೆಯುತ್ತದೆ.

ಸೊರಬದಿಂದ ಶಿಕಾರಿಪುರಕ್ಕೆ ಬಂದು ಎರಡು ದಿನ. ಅಶ್ವಿನಿಗೆ ಇಲ್ಲಿನ ತಾಲ್ಲೂಕು ಕಚೇರಿಗೆ ವರ್ಗವಾಯಿತು. ಹೆಂಡತಿಯ ಹಿಂದೆ ಗಂಡ, ಗಂಡನ ಹಿಂದೆ ನಾಯಿ, ನಾಯಿಯ ಹಿಂದೆ ಗೋಣಿಚೀಲದಲ್ಲಿ ಬೆಕ್ಕು.

ನನ್ನ ಬಲಗೈಯ ಪ್ಲಾಸ್ಟರ್ ಬಿಚ್ಚಿದ್ದಾರೆ. ಬೆರಳುಗಳು ಬಲಿತ ಬೆಂಡೆಕಾಯಿಯಂತೆ ಸೆಟೆದು ನಿಂತಿವೆ. ಮೂಳೆ ಡಾಕ್ಟರು ಒಂದು ಕೆಂಪು ರಬ್ಬರ್ ಚೆಂಡು ಕೊಟ್ಟು, ಹಿಸುಕುತ್ತಿರಿ, ಜನವರಿ ಇಪ್ಪತ್ತಕ್ಕೆ ಬನ್ನಿ ಎಂದಿದ್ದಾರೆ. ಅಂದು ಮುಷ್ಟಿ ಮುಚ್ಚಿದರೆ ನನಗೆ ನನ್ನ ಬಸ್ಸು. ಮುಚ್ಚದಿದ್ದರೆ ಡಿಪೋದಲ್ಲಿ ಒಂದು ಕುರ್ಚಿ, ಪ್ರಯಾಣಿಕರು ಮರೆತುಹೋದ ಕೊಡೆಗಳಿಗೆ ಚೀಟಿ ಅಂಟಿಸುವ ಕೆಲಸ. ಇಪ್ಪತ್ತೊಂದು ವರ್ಷ ನಿಂತೇ ಬದುಕಿದ ಕಂಡಕ್ಟರನಿಗೆ ಕುರ್ಚಿ ಕೊಡುವುದೆಂದರೆ ಚಟ್ಟ ಕೊಟ್ಟಂತೆ.

ಇವತ್ತಿಗೆ ಕೈ ಸೋತಿತು. ಎಡಗೈ.

ಹೊಸ ಮನೆ, ಹಳೆ ನೋವು;
ಚೀಲದಲ್ಲಿ ಬೆಕ್ಕು, ಮೂಲೆಯಲ್ಲಿ ನಾವು.

ಡಿಸೆಂಬರ್ 9, ಸೋಮವಾರ

ಚೆಂಡು ಹಿಸುಕಿದೆ. ಚೆಂಡಿಗೆ ಏನೂ ಆಗಲಿಲ್ಲ.

ಡಿಸೆಂಬರ್ 10, ಮಂಗಳವಾರ

ಕೈ ಮುರಿದದ್ದು ಬಸ್ಸಿನಿಂದ ಬಿದ್ದಲ್ಲ. ಹಾಗಾಗಿದ್ದರೆ ಮರ್ಯಾದೆಯಿತ್ತು. ನಮ್ಮ ನಾಯಿಯ ಹೆಸರು ರೈಟ್, ಬೆಕ್ಕಿನ ಹೆಸರು ಹೋಲ್ಡಾನ್. ಮರಿಯಿದ್ದಾಗ ತಮಾಷೆಗೆಂದು ನಾಯಿಗೆ ಎರಡು ವಿಸಿಲ್ ಹೊಡೆದರೆ ಓಡುವುದನ್ನು ಕಲಿಸಿದ್ದೆ. ಅಕ್ಟೋಬರಿನಲ್ಲಿ ಸೊರಬದ ಅಂಗಳದಲ್ಲಿ ಸರಪಳಿಯನ್ನು ಬಲಗೈಗೆ ಸುತ್ತಿಕೊಂಡು ಅದಕ್ಕೆ ಸ್ನಾನ ಮಾಡಿಸುತ್ತಿದ್ದೆ. ರಸ್ತೆಯಲ್ಲಿ ಯಾವುದೋ ಬಸ್ಸಿನವನು ಎರಡು ವಿಸಿಲ್ ಊದಿದ. ಬಸ್ಸು ಹೊರಟಿತು, ನಾಯಿ ಹೊರಟಿತು, ಸೋಪಿನ ಸಮೇತ ನಾನೂ ಹೊರಟೆ.

ಬೆಕ್ಕಿನ ಕಥೆ ಬೇರೆ. ದಾರಿ ಗೊತ್ತಾದರೆ ಹಳೆ ಮನೆಗೆ ವಾಪಸ್ ಹೋಗುತ್ತದೆಂದು ಚೀಲದಲ್ಲಿ ಕಟ್ಟಿ ಬಸ್ಸಿನಲ್ಲೇ ತಂದೆವು. ನಾನೋ, ಅಭ್ಯಾಸಬಲ, ಸೀಟಿನಲ್ಲಿ ಕೂತಿದ್ದವನು ಪ್ರತಿ ನಿಲ್ದಾಣದ ಹೆಸರನ್ನೂ ಕೂಗಿಬಿಟ್ಟೆ. ಅಶ್ವಿನಿ ಶಿರಾಳಕೊಪ್ಪ ದಾಟಿದ ಮೇಲೆ, "ಅದಕ್ಕೆ ಕಣ್ಣು ಕಟ್ಟಿ ಎಂತ ಬಂತು ಮಾರಾಯ್ರೆ, ನೀವು ರೂಟೇ ಓದಿ ಹೇಳಿದ್ರಲ್ಲ" ಎಂದಳು.

ಆದರೆ ಹೋಲ್ಡಾನ್ ಎಲ್ಲಿಗೂ ಹೋಗಿಲ್ಲ. ಚೀಲದಿಂದಲೇ ಹೊರಗೆ ಬಂದಿಲ್ಲ. ಊಟಕ್ಕೊಮ್ಮೆ, ಮತ್ತೊಂದಕ್ಕೊಮ್ಮೆ ಹೊರಬಂದು ಮತ್ತೆ ಚೀಲ ಹೊಕ್ಕು ಗೋಡೆ ನೋಡುತ್ತ ಕೂರುತ್ತದೆ. ವಾಪಸ್ ಟ್ರಿಪ್ಪಿಗೆ ಕಾಯುತ್ತಿರಬೇಕು. ಎಂಥ ಮೂರ್ಖ ಪ್ರಾಣಿ. ನಾನೂ ಮಂಚದ ಮೇಲೆ ಗೋಡೆ ನೋಡುತ್ತ ಇರುವುದರಿಂದ ಅದು ನನಗೆ ಸರಿಯಾಗಿ ಕಾಣುತ್ತದೆ.

ಮಲಗುವ ಮುಂಚೆ ತಲೆ ಎಣಿಕೆ: ಹೆಂಡತಿ, ನಾಯಿ, ಚೀಲದೊಳಗೆ ಬೆಕ್ಕು. ಮೂರು. ಕಂಡಕ್ಟರನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಡಿಸೆಂಬರ್ 12, ಗುರುವಾರ

ರೈಟ್ ಚೆಂಡು ತಿಂದ. ಅರ್ಧ ಸಿಕ್ಕಿತು. ಉಳಿದರ್ಧ ನಾಳೆ ಬೆಳಿಗ್ಗೆ ಸಿಗಬಹುದು.

ಡಿಸೆಂಬರ್ 14, ಶನಿವಾರ

ಅಶ್ವಿನಿಗೆ ರಜೆ. ಚೆಂಡಿನ ಕಥೆಯನ್ನು ಅವಳು ಕೆಳಗೆ ಹೋಗಿ ಮನೆಯೊಡತಿ ಜಗದಾಂಬಮ್ಮನಿಗೆ ಹೇಳಿದ್ದಾಳೆ. ಎಪ್ಪತ್ತರ ಹೆಂಗಸು, ಒಂಟಿ. ಕೆಳಗಿನ ಮನೆಯ ಕಟ್ಟೆಯ ಮೇಲೆ ಕೂತು ಉಲ್ಲನ್ ಹೆಣೆಯುತ್ತ ಬೀದಿಯನ್ನು ಆಳುತ್ತಾರೆ. ನನ್ನನ್ನು ಕರೆಸಿದರು. ಬೆರಳುಗಳನ್ನು ಸಂತೆಯಲ್ಲಿ ತರಕಾರಿ ನೋಡಿದ ಹಾಗೆ ಒತ್ತಿ ನೋಡಿದರು.

"ಚೆಂಡು ಹಿಚಿಕಿದ್ರೆ ಚೆಂಡು ಮೆತ್ತಗಾಕ್ಕತಿ, ಬೆರಳಲ್ಲ. ತಗಳ್ರಿ ಕಡ್ಡಿ."

ನಾನು ಗಂಡಸು, ಸರ್ಕಾರಿ ಬಸ್ಸಿನ ಕಂಡಕ್ಟರು, ಕನ್ನಡ ಐಚ್ಛಿಕದಲ್ಲಿ ಬಿ.ಎ. ಮಾಡಿದವನು ಎಂದೆಲ್ಲ ಹೇಳಿದೆ. ಹಾಗಾದರೆ ಎಣಿಸಲಿಕ್ಕೆ ಬರುತ್ತದಲ್ಲ ಎಂದರು.

ವಿಷಯ ಇಷ್ಟು. ಮೂವತ್ತು ವರ್ಷದಿಂದ ಈ ಬೀದಿಯಲ್ಲಿ ಹುಟ್ಟಿದ ಪ್ರತಿ ಕೂಸೂ ಹೆಸರಿಡುವ ದಿನ ಜಗದಾಂಬಮ್ಮನ ಕೈಯ ಕುಲಾವಿ ಹಾಕಿಕೊಂಡೇ ತೊಟ್ಟಿಲಿಗೆ ಹೋಗುವುದು. ಹಾಗೆ ಅವರು ಮುಚ್ಚಿದ ತಲೆಗಳು ಇಪ್ಪತ್ತೆಂಟು. ಅದರಲ್ಲಿ ಇಬ್ಬರಿಗೆ ಈಗ ಕೂದಲೇ ಉದುರಿದೆ. ಈಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಹೆಣೆಯಲು ಬೆರಳಿಗೆ ಗೊತ್ತು, ಕಡ್ಡಿಯ ಮೇಲೆ ಎಷ್ಟು ಕುಣಿಕೆ ಇವೆ ಎಂದು ಎಣಿಸಲು ಕಣ್ಣು ಸಾಲದು.

"ನಾ ಹೆಣಿತೀನಿ, ನೀವು ಎಣಿಸ್ರಿ. ಪುರುಸೊತ್ತಿದ್ದಾಗ ನಿಮಗೂ ಕಲಿಸ್ತೀನಿ."

ಹೆಣಿ, ಎಣಿ. ಈ ಹೆಂಗಸಿಗೆ ಪ್ರಾಸ ಗೊತ್ತಿದೆ. ಒಪ್ಪಿಕೊಂಡೆ. ಆದರೆ ಕಟ್ಟೆಯ ಮೇಲಲ್ಲ, ಒಳಗೆ, ಪರದೆ ಎಳೆದು. ಡಿಪೋ ಇಲ್ಲಿಂದ ದೂರವಿಲ್ಲ.

ಡಿಸೆಂಬರ್ 18, ಬುಧವಾರ

ಒಂದು ಮಫ್ಲರ್ ಶುರುಮಾಡಿಸಿದ್ದಾರೆ. ಮೂವತ್ತು ಕುಣಿಕೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ದಾರ ಸಡಿಲಾಗದಿರಲೆಂದು ಬಲಗೈ ಕಿರುಬೆರಳಿಗೆ ಒಂದು ಸುತ್ತು ಹಾಕಿಸಿದರು. ಐದು ಬೆರಳುಗಳಲ್ಲಿ ಅದೇ ಅತಿ ಹಟಮಾರಿ. ಕೋಲಿನಂತೆ ನಿಂತಿರುತ್ತದೆ. ಪ್ರತಿ ಸಾಲಿಗೂ ಸೊರಬದ ದಾರಿಯ ಒಂದೊಂದು ನಿಲ್ದಾಣದ ಹೆಸರಿಟ್ಟುಕೊಂಡು ಹೊರಟೆ. ಶಿರಾಳಕೊಪ್ಪಕ್ಕೆ ಬಂದು ಎಣಿಸಿದರೆ ನಲವತ್ತೊಂದು. ಹನ್ನೊಂದು ಜನ ಟಿಕೆಟ್ ಇಲ್ಲದೆ ಎಲ್ಲಿ ಹತ್ತಿದರೋ.

ಜಗದಾಂಬಮ್ಮ ಬೆರಳಾಡಿಸಿಯೇ ಹನ್ನೊಂದನ್ನೂ ಹಿಡಿದರು. ಯಾವ ತನಿಖಾ ದಳಕ್ಕೂ ಈ ಬೆರಳಿಲ್ಲ.

ಮೂವತ್ತೇ ಸೀಟಿನ ಗಾಡಿ
ನಲವತ್ತೊಂದಾಯಿತು ನೋಡಿ;
ಹತ್ತಿದವರ ಇಳಿಸಲು ಹೋದೆ,
ಗಾಡಿಯೇ ಬಿಚ್ಚಿತು ಓಡಿ.

ಉಲ್ಲನ್ ಉಂಡೆಯ ಜೊತೆ ಬೆಕ್ಕು ಆಡುತ್ತದೆ ಎಂದು ಕ್ಯಾಲೆಂಡರಿನವರು ಹಬ್ಬಿಸಿದ್ದಾರೆ. ಹೋಲ್ಡಾನ್ ಮುಂದೆ ಉಂಡೆ ಉರುಳಿಸಿದೆ. ಚೀಲದೊಳಗಿಂದ ನನ್ನನ್ನೇ ನೋಡಿತು. ಆ ನೋಟಕ್ಕೆ ಉಂಡೆ ನಾನೇ ಎತ್ತಿಕೊಂಡೆ.

ಡಿಸೆಂಬರ್ 23, ಸೋಮವಾರ

ಡ್ರೈವರ್ ಪರಮಶಿವಪ್ಪ ನೋಡಲು ಬಂದಿದ್ದ. ಒಂಬತ್ತು ವರ್ಷದ ಜೋಡಿ ನಮ್ಮದು. ಅವನು ಮೆಟ್ಟಿಲು ಹತ್ತುವ ಸದ್ದಿಗೆ ಮಫ್ಲರ್, ಕಡ್ಡಿ ಎರಡನ್ನೂ ಬೆಕ್ಕಿನ ಚೀಲಕ್ಕೆ ತುರುಕಿದೆ. ಹೋಲ್ಡಾನ್ ಅದರ ಮೇಲೆ ಕೂತು ಕಾಪಾಡಿತು. ದಾರದ ತುದಿ ಮಾತ್ರ ಹೊರಗಿತ್ತು.

"ಏನಲೇ ಯಲ್ಲಪ್ಪ, ಬೆಕ್ಕಿಗೆ ದಾರ ಬಂದೈತಲ್ಲ."

ಅದು ಹಾಗೇ, ವಯಸ್ಸಾಯಿತು ಎಂದೆ. ನಂಬಿದ. ಬೈಪಾಸಿನಲ್ಲಿ ಟ್ರ್ಯಾಕ್ಟರ್ ಅಡ್ಡ ಬಂದರೆ ಹಿಂದಿನ ಜನ್ಮದಿಂದ ಬೈಯುವ ಮನುಷ್ಯ, ಬೆಕ್ಕಿನ ವಿಷಯದಲ್ಲಿ ಮುಗ್ಧ.

ನನ್ನ ಬದಲಿಗೆ ಬಂದಿರುವ ಹೊಸ ಕಂಡಕ್ಟರನಿಗೆ ವಿಸಿಲ್ಲೇ ಬರುವುದಿಲ್ಲವಂತೆ, ಕೆಮ್ಮಿದಂತೆ ಕೇಳುತ್ತದಂತೆ. ಕೈ ಸರಿಯಾದೊಡನೆ ನಮ್ಮ ಹಳೆಯ ರೂಟೇ ಕೇಳೋಣ ಎಂದ. ಕೊನೆಯ ಬಸ್ಸು, ಸೊರಬದಲ್ಲಿ ರಾತ್ರಿ ಹಾಲ್ಟು. ಕೇಳದೆ ಮತ್ತೇನು ಎಂದೆ. ಇಲ್ಲಿ ನನಗೇನಿದೆ? ಮನೆ ಅಶ್ವಿನಿಯ ಕಚೇರಿಗೆ ಹತ್ತಿರ, ಅಷ್ಟೇ. ನನ್ನ ಊರು ಸೊರಬ, ನನ್ನ ಚಹಾ ಅಂಗಡಿ ಸೊರಬದ್ದು, ಗುರುತಿನವರು ಅಲ್ಲಿ ಜಡೆ ಊರಿನ ಬಸ್ಸಿಗೆ ಕಾಯುವವರು. ವಾರಕ್ಕೆರಡು ದಿನ ಇಲ್ಲಿಗೆ ಬಂದು ಬಟ್ಟೆ ಬದಲಾಯಿಸಿದರೆ ಸಾಕು.

ಅಶ್ವಿನಿ ಚಹಾ ತಂದಿಟ್ಟು ಹೋದಳು. ಕೇಳಿಸಿಕೊಂಡಳೋ ಏನೋ.

ಜನವರಿ 2, ಗುರುವಾರ

ಬರೆಯಲು ಪುರುಸೊತ್ತಿಲ್ಲ. ಮಫ್ಲರ್ ಸೊರಬ ತಲುಪಿತು. ಇನ್ನೊಂದು ಶುರು.

ಜನವರಿ 4, ಶನಿವಾರ

ಮದುವೆಯಾಗಿ ಹತ್ತೊಂಬತ್ತು ವರ್ಷ. ಈ ಹತ್ತೊಂಬತ್ತು ವರ್ಷದಲ್ಲಿ ಅಶ್ವಿನಿ ಕಚೇರಿಯಿಂದ ಮನೆಗೆ ಬರುವುದನ್ನು ನಾನು ನೋಡಿಯೇ ಇರಲಿಲ್ಲ. ಸಂಜೆ ಐದೂವರೆಗೆ ನಾನು ಯಾವತ್ತೂ ಯಾವುದೋ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿರುತ್ತಿದ್ದೆ, ಕೈ ಮುರಿದ ಮೇಲೆ ಸೊರಬದ ಚಹಾ ಅಂಗಡಿಯಲ್ಲಿ. ಈಗ ತಿಂಗಳಿಂದ ನೋಡುತ್ತಿದ್ದೇನೆ. ಬಂದವಳು ಮೊದಲು ರೈಟ್‌ನ ಜೊತೆ ಮಾತಾಡುತ್ತಾಳೆ. ಪಹಣಿ ತಿದ್ದುಪಡಿಗೆ ಬಂದು ಜಗಳ ತೆಗೆದವರ ವಿಷಯ, ತಹಶೀಲ್ದಾರರ ಮುಖದ ವಿಷಯ, ಎಲ್ಲ. ನಾಯಿ ತಲೆ ಓರೆ ಮಾಡಿ ಕೇಳುತ್ತದೆ. ಆಮೇಲೆ ವಾಚು ಬಿಚ್ಚಿ, ಡಬ್ಬಿಯಿಂದ ಒಂದು ಮುಷ್ಟಿ ಹುರಿಗಡಲೆ ತೆಗೆದು, ಕಿಟಕಿಯ ಹತ್ತಿರ ನಿಂತು ಒಂದೊಂದೇ ತಿನ್ನುತ್ತಾಳೆ. ಆ ಐದು ನಿಮಿಷ ಯಾರೂ ಮಾತಾಡಿಸಬಾರದು ಎಂಬುದು ನಾಯಿಗೂ ಗೊತ್ತಿದೆ. ಹತ್ತೊಂಬತ್ತು ವರ್ಷ ನನಗೆ ಗೊತ್ತಿರಲಿಲ್ಲ.

ಇವತ್ತು ಕೇಳಿದೆ, ಇಷ್ಟು ವರ್ಷವೂ ನಾಯಿಗೇ ಹೇಳುತ್ತಿದ್ದೆಯಾ ಎಂದು.

"ರೈಟ್ ಬಂದು ಆರು ವರ್ಷ ಆಯ್ತು. ಅದಕ್ಕೆ ಮೊದ್ಲು ಗೋಡೆಗೆ ಹೇಳ್ತಿದ್ದೆ" ಎಂದಳು. ಸಿಟ್ಟಿನಿಂದಲ್ಲ. ವಿಳಾಸ ಹೇಳುವ ಹಾಗೆ.

ನನಗೆ ಪ್ರಾಸ ಹೊಳೆಯಲಿಲ್ಲ. ಕಾಫಿ ಕುಡಿದೆ. ಲೋಟವನ್ನು ನನ್ನ ಬಲಗಡೆ ಇಟ್ಟಿದ್ದಳು. ಎಡಗಡೆ ಇಡು ಎಂದು ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಬಲಗೈಯೇ ಕಾಫಿ ಮುಗಿಸಿತ್ತು.

ಜನವರಿ 8, ಬುಧವಾರ

ಎದುರು ಮನೆಯ ರಮ್ಯಳಿಗೆ ಹೆಣ್ಣು ಮಗು. ಇಪ್ಪತ್ತನೇ ತಾರೀಖು ಮಧ್ಯಾಹ್ನ ಹನ್ನೆರಡಕ್ಕೆ ಹೆಸರಿಡುವುದು. ಅದೇ ಬೆಳಿಗ್ಗೆ ನನ್ನ ಡಾಕ್ಟರು. ಜಗದಾಂಬಮ್ಮನಿಗೆ ಹನ್ನೊಂದನೇ ತಾರೀಖು ಒಂದು ಕಣ್ಣಿನ ಆಪರೇಷನ್. ಆಮೇಲೆ ಎರಡು ವಾರ ತಲೆ ಬಗ್ಗಿಸುವಂತಿಲ್ಲ, ಕಡ್ಡಿ ಮುಟ್ಟುವಂತಿಲ್ಲ.

ಗುಲಾಬಿ ಬಣ್ಣದ ಉಂಡೆಯನ್ನು ನನ್ನ ಮಡಿಲಿಗೆ ಹಾಕಿದರು. ನನ್ನಿಂದಾಗದು, ಪೇಟೆಯಿಂದ ಒಂದು ತಂದು ಹಾಕಿದರಾಯಿತು ಎಂದೆ.

"ಮೂವತ್ತು ವರ್ಷದಾಗ ಒಂದು ತಲೀನೂ ಬರೇ ಬಿಟ್ಟಿಲ್ಲ, ಅಂಗಡಿದೂ ಹಾಕಿಲ್ಲ. ರಮ್ಯನೂ ನನ್ನ ಕುಲಾವಿಯಾಗೇ ಬೆಳದಾಕಿ. ಅರವತ್ನಾಲ್ಕು ಕುಣಿಕಿ. ಎಣಿಸಿ ಹಾಕ್ರಿ, ಕಂಡಕ್ಟ್ರೇ."

ಎಣಿಕೆಯ ವಿಷಯದಲ್ಲಿ ನನಗೆ ಯಾರೂ ಹೇಳಬೇಕಾಗಿಲ್ಲ. ದನದ ಸಂತೆಯ ದಿನ ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಒಂದು ಸಲ ನಡೆದರೆ ತಲೆ ಎಷ್ಟೆಂದು ಹೇಳುವವನು ನಾನು.

ಜನವರಿ 11, ಶನಿವಾರ

ಆಪರೇಷನ್ ಸಲೀಸಾಯಿತು. ಅಶ್ವಿನಿ ಜೊತೆಗೆ ಹೋಗಿದ್ದಳು. ಜಗದಾಂಬಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾದ ಖಳನಾಯಕನಂತೆ ಆಟೋ ಇಳಿದರು. ಕೂಸಿನ ಟೋಪಿ ಎಲ್ಲಿಗೆ ಬಂತು ಎಂಬುದೇ ಮೊದಲ ಮಾತು. ಶಿರಾಳಕೊಪ್ಪ ಎಂದೆ.

ಜನವರಿ 16, ಗುರುವಾರ

ಕುಲಾವಿ ಸಂಜೆಗೆ ಮುಗಿಯುವ ಹಂತಕ್ಕೆ ಬಂತು. ನೆತ್ತಿ ಮುಚ್ಚುವುದೊಂದೇ ಬಾಕಿ. ಚೆನ್ನಾಗಿದೆ ಎಂದು ನನಗೇ ಅನಿಸಿತು. ಅಶ್ವಿನಿ ಬಂದು, ಹುರಿಗಡಲೆ ಮುಗಿಸಿ, ಅದನ್ನು ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿದಳು. ಏನೂ ಹೇಳದೆ ರೈಟ್‌ನನ್ನು ಕರೆದಳು. ಅವನ ತಲೆಗೆ ಹಾಕಿದಳು. ಕಿವಿ ಸಮೇತ ಕೂತಿತು, ಅಳತೆ ತೆಗೆದು ಹೊಲಿದ ಹಾಗೆ.

"ಎಷ್ಟು ಹಾಕಿದ್ರಿ?"

ಅರವತ್ತನಾಲ್ಕು ಎಂದೆ. ಟೋಪಿ ನಾಯಿಯ ತಲೆಯ ಮೇಲಿದ್ದ ಹಾಗೇ ಎಣಿಸಿದಳು. ಎಂಬತ್ತನಾಲ್ಕು.

ಸಾಧ್ಯವೇ ಇಲ್ಲ ಎಂದು ನಾನೂ ಎಣಿಸಿ ತೋರಿಸಿದೆ. ದೊಡ್ಡ ಕುಣಿಕೆ ನಲವತ್ತನಾಲ್ಕು. ಬಿಗಿಯಾಗಿ ಎಳೆದದ್ದರಿಂದ ಸಣ್ಣಗಾದವು ನಲವತ್ತು, ಅಂದರೆ ಇಪ್ಪತ್ತು. ಒಟ್ಟು ಅರವತ್ತನಾಲ್ಕು.

"ನಲವತ್ತು ಇಪ್ಪತ್ತು ಹೇಗಾಯ್ತು?"

"ಸಣ್ಣವಲ್ವಾ. ಅರ್ಧ ಟಿಕೆಟ್."

ಅವಳು ನಾಯಿಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಗುವಿಗೆ ಕಣ್ಣಲ್ಲಿ ನೀರು ಬಂತು. ಕೆಳಗಿನಿಂದ ಜಗದಾಂಬಮ್ಮ ಏನಾಯ್ತ್ರೀ ಎಂದು ಕೂಗಿದರು. ಅಶ್ವಿನಿ ಹೇಳಲೂ ಆಗದೆ ಕೈ ಬೀಸಿದಳು. ಅವರಿಗೆ ಹೇಗೂ ಕಾಣುವುದಿಲ್ಲ. ಇವಳು ಹೀಗೆ ನಕ್ಕದ್ದನ್ನು ನಾನು ಕೊನೆಗೆ ನೋಡಿದ್ದು ಯಾವಾಗ ಎಂದು ನೆನಪು ಮಾಡಿಕೊಂಡೆ. ಸಿಗಲಿಲ್ಲ.

ಕೂಸಿಗೆಂದು ಹೆಣೆದ ಟೋಪಿ
ನಾಯಿಗಾಯಿತು, ನಾನು ಪಾಪಿ.

ಜನವರಿ 17, ಶುಕ್ರವಾರ

ಪೂರ್ತಿ ಬಿಚ್ಚಿದೆವು. ನಾನು ಎಳೆದೆ, ಅವಳು ಸುತ್ತಿದಳು. ಎಂಟು ದಿನದ ಕೆಲಸ ಹತ್ತು ನಿಮಿಷದಲ್ಲಿ ಉಂಡೆಯಾಯಿತು. ಹೊಸದಾಗಿ ಹಾಕಿದೆ. ಅರವತ್ತನಾಲ್ಕು. ಕೂಸು, ಮುದುಕ, ದಪ್ಪ, ಸಣ್ಣ, ಎಲ್ಲರಿಗೂ ಪೂರ್ತಿ ಟಿಕೆಟ್.

ಜನವರಿ 19, ಭಾನುವಾರ

ಎರಡು ರಾತ್ರಿ ನಿದ್ದೆಗೆಟ್ಟು ಹೆಣೆದೆ. ನೆತ್ತಿ ಬಾಕಿ, ಕಟ್ಟುವ ದಾರ ಬಾಕಿ. ನಾಳೆ ಹನ್ನೆರಡರೊಳಗೆ ಮುಗಿಸಬೇಕು.

ಕನ್ನಡಿಯ ಮುಂದೆ ನಿಂತು ಮುಷ್ಟಿ ಮಾಡಿದೆ. ನಾಲ್ಕು ಬೆರಳು ಮುಚ್ಚಿದವು. ಕಿರುಬೆರಳು ನಿಂತೇ ಇದೆ. ಎಡಗೈಯಿಂದ ಒತ್ತಿದರೆ ಮಡಚುತ್ತದೆ, ಬಿಟ್ಟರೆ ಏಳುತ್ತದೆ. ಹತ್ತು ಸಲ ಮಾಡಿದೆ. ಹತ್ತು ಸಲವೂ ಎದ್ದಿತು.

ಕೊಡೆಗಳಿಗೆ ಚೀಟಿ. ಕಪ್ಪು ಕೊಡೆ, ಹಿಡಿ ಮುರಿದದ್ದು. ಕಪ್ಪು ಕೊಡೆ, ಹಿಡಿ ಇದೆ.

ತಲೆ ಎಣಿಕೆ ಮಾಡಲಿಲ್ಲ.

ಜನವರಿ 20, ಸೋಮವಾರ

ಪರಮಶಿವಪ್ಪ ಬೈಕಿನಲ್ಲಿ ಕರೆದುಕೊಂಡು ಹೋದ. ನನ್ನ ಟೋಕನ್ ಹದಿನೇಳು. ಒಂಬತ್ತನೆಯವನು ಒಳಗಿದ್ದ. ಗಂಟೆ ಹತ್ತೂವರೆ. ಲೆಕ್ಕ ಹಾಕಿದರೆ ನೆತ್ತಿ ಮುಚ್ಚಲು ಬೇರೆ ಹೊತ್ತೇ ಇಲ್ಲ. ಪರಮಶಿವಪ್ಪನನ್ನು ಚಹಾಕ್ಕೆ ಕಳಿಸಿ, ಬೆಂಚಿನ ತುದಿಯಲ್ಲಿ ಪೇಪರ್ ಅಗಲಿಸಿ ಮರೆ ಮಾಡಿಕೊಂಡು, ಕಡ್ಡಿ ತೆಗೆದೆ. ಪಕ್ಕದಲ್ಲಿ ಸೊಂಟ ಹಿಡಿದುಕೊಂಡಿದ್ದ ಅಜ್ಜಿಯೊಬ್ಬರು ಎರಡು ನಿಮಿಷ ನೋಡಿ, ಇನ್ನೊಂಚೂರು ಸಡಿಲ ಹಾಕಪ್ಪ, ಕೂಸಿಗೆ ಒತ್ತಕ್ಕತಿ ಎಂದರು.

ಹೆಸರು ಕೂಗಿದಾಗ ಗಾಬರಿಯಲ್ಲಿ ಎಲ್ಲವನ್ನೂ ಜೇಬಿಗೆ ತುರುಕಿ ಒಳಗೆ ಹೋದೆ.

ಡಾಕ್ಟರು ಮುಷ್ಟಿ ಮಾಡಿ ಎಂದರು. ಮಾಡಿದೆ. ಕಿರುಬೆರಳು ಬಾವುಟದ ಕಂಬದ ಹಾಗೆ ನಿಂತಿತು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ನಿಂತಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯುವ ಕೈ ಇದು, ಹಿಡಿತ ಅರ್ಧವಿದ್ದರೆ ನಾನು ಸಹಿ ಹಾಕಿ ನಿಮ್ಮನ್ನು ಬೀಳಿಸಿದ ಹಾಗೆ, ಸದ್ಯಕ್ಕೆ ಕೂತು ಮಾಡುವ ಕೆಲಸವೇ ಬರೆಯುತ್ತೇನೆ ಎಂದರು. ಮೃದುವಾಗಿಯೇ ಹೇಳಿದರು. ಅದೇ ಕಷ್ಟವಾದದ್ದು.

ಆಗ ಬಾಗಿಲು ತೆರೆಯಿತು. ಪರಮಶಿವಪ್ಪ ನಿಂತಿದ್ದ. ಕೈಯಲ್ಲಿ ಗುಲಾಬಿ ಉಂಡೆ. ಅದು ಬೆಂಚಿನ ಕೆಳಗೇ ಉಳಿದಿತ್ತಂತೆ. ದಾರ ನೆಲದ ಮೇಲೆ, ಸೊಂಟದ ಅಜ್ಜಿಯ ಕಾಲಡಿಯಿಂದ, ಬಾಗಿಲ ಸಂದಿಯಿಂದ ನನ್ನ ಜೇಬಿನವರೆಗೆ ಬಂದಿತ್ತು. ಅವನು ಅದನ್ನು ಸುತ್ತಿಕೊಳ್ಳುತ್ತ, ಸುತ್ತಿಕೊಳ್ಳುತ್ತ ಒಳಗೆ ಬಂದಿದ್ದ.

"ಯಲ್ಲಪ್ಪ, ಇದು ನಿಂದೇನಲೇ?"

ಒಂಬತ್ತು ವರ್ಷದ ಸ್ನೇಹಿತ, ಒಬ್ಬ ಡಾಕ್ಟರು, ಒಬ್ಬ ನರ್ಸು, ಬಾಗಿಲಲ್ಲಿ ಇಣುಕುವ ಟೋಕನ್ ಹದಿನೆಂಟು. ಅಶ್ವಿನಿಯದು ಎನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ.

"ನಂದೇ. ಹನ್ನೆರಡಕ್ಕೆ ಕೊಡ್ಬೇಕು" ಎಂದೆ.

ಡಾಕ್ಟರು ಕುಲಾವಿ ಈಸಿಕೊಂಡು ನೋಡಿದರು. ಇದನ್ನು ಈ ಕೈಯಲ್ಲಿ ಹೆಣೆದದ್ದೇ ಎಂದು ಕೇಳಿದರು. ಹೆಣೆದು ತೋರಿಸಿ ಎಂದರು. ಕಡ್ಡಿ ತೆಗೆದೆ, ಕಿರುಬೆರಳಿಗೆ ದಾರ ಸುತ್ತಿದೆ, ಶುರುಮಾಡಿದೆ. ಎಷ್ಟು ಕುಣಿಕೆ ಆಯಿತೋ, ನೆತ್ತಿ ಮುಚ್ಚುವ ಗಡಿಬಿಡಿಯಲ್ಲಿ ಅವರು ಅಲ್ಲಿದ್ದದ್ದೇ ಮರೆತಿದ್ದೆ. ನಿಲ್ಲಿಸಿ ಎಂದರು. ನನ್ನ ಕೈಯನ್ನು ಹಾಗೇ ಹಿಡಿದು ಪರಮಶಿವಪ್ಪನ ಕಡೆ ತಿರುಗಿಸಿದರು.

ಕಿರುಬೆರಳು ಅಂಗೈಗೆ ಅಂಟಿಕೊಂಡು ಮಡಚಿತ್ತು. ದಾರ ಹಿಡಿದುಕೊಂಡು.

ಡಾಕ್ಟರು ದಾರ ಮೆಲ್ಲಗೆ ಬಿಡಿಸಿ, ಅದರ ಜಾಗದಲ್ಲಿ ತಮ್ಮ ಎರಡು ಬೆರಳಿಟ್ಟು, ಎಳೆದು ನೋಡಿದರು. ಬಿಡಲಿಲ್ಲ. ಇನ್ನಷ್ಟು ಜೋರಾಗಿ ಎಳೆದರು. ಕುರ್ಚಿ ಸಮೇತ ಸ್ವಲ್ಪ ಮುಂದೆ ಬಂದರು. ಬೆರಳಿಗೆ ಬಲವಿದೆ, ಮುಷ್ಟಿ ಮಾಡು ಎಂದರೆ ಹೆದರುತ್ತದೆ, ಕೆಲಸ ಕೊಟ್ಟರೆ ಹೆದರುವುದು ಮರೆಯುತ್ತದೆ ಎನ್ನುತ್ತ ಸಹಿ ಹಾಕಿದರು. ಹೊರಗೆ ಬಂದಾಗ ಸೊಂಟದ ಅಜ್ಜಿ ಮುಗೀತೇನಪ್ಪ ಎಂದರು. ಕುಲಾವಿಯ ವಿಷಯ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಬೀದಿ ಸೇರಿದೆವು. ಉಳಿದ ನೆತ್ತಿಯನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಮುಚ್ಚಿದ್ದೆ, ಕಟ್ಟುವ ದಾರವನ್ನು ಬೈಕಿನ ಹಿಂದೆ ಕೂತೇ ಹೊಸೆದೆ. ಜಗದಾಂಬಮ್ಮ ಕಪ್ಪು ಕನ್ನಡಕದಲ್ಲಿ ತೊಟ್ಟಿಲ ಪಕ್ಕ ಕೂತಿದ್ದರು. ಕುಲಾವಿಯನ್ನು ಕೈಗೆ ತೆಗೆದುಕೊಂಡು, ಅಂಚಿನ ಸುತ್ತ ಬೆರಳು ನಡೆಸಿ, ತುಟಿಯಲ್ಲಿ ಎಣಿಸಿದರು.

"ಅರವತ್ನಾಲ್ಕು. ನೆತ್ತಿಮ್ಯಾಗ ಒಂದು ಜಾರೇತಿ" ಎಂದರು. ನಾನು ಜೇಬಿನ ಕಡ್ಡಿಗೆ ಕೈ ಹಾಕಿದೆ. "ಇರ್ಲಿ. ಕೂಸಿಗೆ ಗಾಳಿ ಬೇಕು."

ಹಾಕಿದರು. ಹೊಂದಿತು. ಆಮೇಲೆ ಏನೋ ಹೆಸರಿಟ್ಟರು, ನಾನು ಟೋಪಿಯನ್ನೇ ನೋಡುತ್ತಿದ್ದೆ.

ಜನವರಿ 23, ಗುರುವಾರ

ಮೊದಲ ದಿನದ ಡ್ಯೂಟಿ. ವಿಸಿಲ್ ಬಾಯಿಗೆ ಸಿಹಿಯಾಗಿತ್ತು. ಸೊರಬದ ನನ್ನ ಚಹಾ ಅಂಗಡಿಯವನು ಸಕ್ಕರೆ ಜಾಸ್ತಿ ಹಾಕಲು ಶುರುಮಾಡಿದ್ದಾನೆ, ಅಥವಾ ಮೊದಲಿನಿಂದಲೂ ಹಾಗೇ ಇತ್ತೋ.

ಪರಮಶಿವಪ್ಪ ಡಿಪೋಗೆಲ್ಲ ಸುದ್ದಿ ಹಂಚಿದ್ದಾನೆ. ಬೆಳಿಗ್ಗೆ ಹೊರಡುವಾಗ ಯಾರೋ ಟಿಕೆಟ್ ಮೆಷಿನ್ನಿಗೆ ಉಲ್ಲನ್ ಕಟ್ಟಿದ್ದರು. ಗಂಟು ಸರಿಯಿರಲಿಲ್ಲ, ಬಿಚ್ಚಿ ಸರಿಯಾಗಿ ಕಟ್ಟಿದೆ. ಸೊರಬದ ನಿಲ್ದಾಣದಲ್ಲಿ ಪರಮಶಿವಪ್ಪ ಟೈರು ಒದೆಯುತ್ತ, ಮಗಳಿಗೆ ಏಪ್ರಿಲಿನಲ್ಲಿ ಹೆರಿಗೆಗೆ ದಿನ ಕೊಟ್ಟಿದ್ದಾರೆ ಎಂದ. ಯಾವ ಬಣ್ಣ ಎಂದೆ.

"ಅರ್ಧ ಟಿಕೆಟ್ ಬ್ಯಾಡ ಮತ್ತ" ಎಂದ. ಅಶ್ವಿನಿ ಹೇಳಿರಬೇಕು.

ರಾತ್ರಿ ಹಾಲ್ಟಿನ ರೂಟ್ ಖಾಲಿ ಇದೆಯಂತೆ, ಇವತ್ತೇ ಬರೆದುಕೊಟ್ಟರೆ ಸಿಗುತ್ತದಂತೆ. ಬೇಡ ಎಂದೆ. ಮುಂಜಾನೆ ಹೊರಟು ಐದಕ್ಕೆ ಶಿಕಾರಿಪುರ ಮುಟ್ಟುವ ಗಾಡಿ ಹಾಕಿಸಿಕೊಂಡೆ. ಕಾರಣಗಳಿವೆ. ಜಗದಾಂಬಮ್ಮನ ಇನ್ನೊಂದು ಕಣ್ಣು ಫೆಬ್ರವರಿಗೆ. ಹಿಂದಿನ ಬೀದಿಯವರು ತಮಗೂ ಕುಲಾವಿ ಸಿಗುತ್ತದೆಯೇ ಎಂದು ವಿಚಾರಿಸಿದ್ದಾರೆ. ನಾಯಿಯನ್ನು ಸಂಜೆ ಸುತ್ತಾಡಿಸುವವರಿಲ್ಲ. ಹಾಗೆ ನೋಡಿದರೆ ವಿಶೇಷವೇನಿಲ್ಲ.

ಐದೂವರೆಗೆ ಅಶ್ವಿನಿ ಬಂದಳು. ವಾಚು ಬಿಚ್ಚಿದಳು. ನನ್ನ ಕಡೆ ನೋಡಿ ತಹಶೀಲ್ದಾರರ ಮುಖದ ವಿಷಯ ಶುರುಮಾಡಿದಳು. ರೈಟ್ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕಾದ, ಆಮೇಲೆ ಹೋಗಿ ಮಲಗಿದ.

ಚೀಲ ಖಾಲಿ. ಬೆಕ್ಕು ಓಡಿಹೋಯಿತೆಂದು ಮನೆಯೆಲ್ಲ ಹುಡುಕಿದರೆ ನನ್ನ ಖಾಕಿ ಅಂಗಿಯ ಮೇಲೆ ಕೂದಲು ಉದುರಿಸುತ್ತ ಮಲಗಿತ್ತು. ಚೀಲ ಕೊಡವಿ, ಮಡಚಿ, ಅಟ್ಟಕ್ಕೆ ಹಾಕಿದೆ.

ತಲೆ ಎಣಿಕೆ: ನಾಲ್ಕು.

ಮತ್ತೊಮ್ಮೆ ಎಣಿಸಿದೆ. ನಾಲ್ಕೇ. ಯಾವ ನಿಲ್ದಾಣದಲ್ಲಿ ಯಾರು ಹತ್ತಿದರೋ ತಿಳಿಯಲಿಲ್ಲ. ಇರಲಿ, ಈ ಹೊತ್ತಿನಲ್ಲಿ ಯಾರನ್ನೂ ಇಳಿಸುವುದಿಲ್ಲ.